ವರ್ಷದ ಮೊದಲ ಆಶೀರ್ವಾದ

ಎಂಬತ್ತರ ದಶಕದ ಮಾತು. ಅಮ್ಮ ಬೆಂಗಳೂರಿನಿಂದ ಅಮೆರಿಕದ ಹೇವರ್ಡಿಗೆ ಬಂದದ್ದು ನನ್ನ ಬಾಣಂತನಕ್ಕೆಂದು. ಬಂದ ಸುಸ್ತು ಆರುವ ಮೊದಲೇ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನನ್ನ ಮಗಳು ಹುಟ್ಟಿದಳು, ಉಸಿರಿಲ್ಲದೆ. ಆದರೂ ಅಮ್ಮ ಬಾಣಂತನ ಬಿಡಲಿಲ್ಲ. ಬೆಳ್ಳುಳ್ಳಿ ಸಾರು, ಸೊಂಟಕ್ಕೆ ಬಿಗಿದು ಕಟ್ಟಿದ ಹಳೇ ಸೀರೆ, ಅಪಾರ್ಟ್‌ಮೆಂಟಿನ ಪುಟ್ಟ ಬಾತ್‌ರೂಮಿನಲ್ಲಿ ಎಣ್ಣೆನೀರು. ಮಗುವೇ ಇಲ್ಲದ ಬಾಣಂತಿಗೆ ಇದೆಲ್ಲ ಯಾಕೆ ಎಂದು ರೇಗಿದರೆ, "ಮಗು ಇಲ್ಲ ಅಂತ ನಿನ್ನ ಮೈಗೆ ಗೊತ್ತಾ? ಸುಮ್ನೆ ಕುಡಿ" ಎನ್ನುತ್ತಿದ್ದಳು.

ಹೊಸ ವರ್ಷದ ಮೊದಲ ದಿನವೇ ನಮಗೆ ದೇವಮಾತೆ ಮರಿಯಮ್ಮನ ಹಬ್ಬ. ಹೆರಿಗೆಯಾದ ಮೇಲೆ ನಾನು ಚರ್ಚಿಗೆ ಹೋದದ್ದು ಅಂದೇ ಮೊದಲು. ಮಗನನ್ನು ಎತ್ತಿಕೊಂಡು ನಿಂತ ಆ ತಾಯಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ದೇವಮಾತೆಯ ಮೇಲೆ ಹೊಟ್ಟೆಕಿಚ್ಚು ಪಡುವವಳು ಯಾವ ಸೀಮೆ ಕ್ರೈಸ್ತಳು? ಆದರೆ ಅಮ್ಮನ ಜೊತೆ ವಾದ ಮಾಡುವುದಕ್ಕಿಂತ ಚರ್ಚಿಗೆ ಹೋಗುವುದು ಸುಲಭ.

ಪೂಜೆಯ ಕೊನೆಗೆ ಫಾದರು, ತಾಯಂದಿರೆಲ್ಲ ಎದ್ದು ನಿಲ್ಲಿ, ವರ್ಷದ ಮೊದಲ ಆಶೀರ್ವಾದ ನಿಮಗೇ, ಎಂದರು. ಅಮ್ಮನ ಇಂಗ್ಲಿಷು ಅಷ್ಟಕ್ಕಷ್ಟೆ. ಎದ್ದವರೆಲ್ಲ ಹೆಂಗಸರೆಂದು ನೋಡಿಯೇ ಅರ್ಥ ಮಾಡಿಕೊಂಡು, ಸೆರಗು ಹೊದ್ದು ತಾನೂ ಎದ್ದಳು.

ನಾನು? ಹೆತ್ತದ್ದು ನಿಜ. ಎದೆಯಲ್ಲಿ ಹಾಲು ಬಂದಿತ್ತು, ಬಟ್ಟೆ ಬಿಗಿದು ಇಳಿಸಿದ್ದೆವು. ಆದರೆ ಅವಳ ಅಳು ಕೇಳಿದವರಿಲ್ಲ, ಜ್ಞಾನಸ್ನಾನವಾಗಿಲ್ಲ. ಎದ್ದರೆ ಸುಳ್ಳು ಹೇಳಿದಂತೆ, ಕೂತರೆ ಅವಳು ಹುಟ್ಟಲೇ ಇಲ್ಲ ಎಂದಂತೆ. ಮುಂದಿನ ಬೆಂಚು ಹಿಡಿದು ಅರ್ಧ ಎದ್ದು ಅಮ್ಮನ ಮುಖ ನೋಡಿದೆ. ಏಳು ಅನ್ನಲಿ, ಇಲ್ಲ ಕೂರು ಅನ್ನಲಿ. ಒಗ್ಗರಣೆಗೆ ಸಾಸಿವೆ ಹಾಕುವುದಕ್ಕೂ ನನಗೆ ಬುದ್ಧಿ ಹೇಳುವವಳು ಅಂದು ನನ್ನ ಕಡೆ ತಿರುಗಲೇ ಇಲ್ಲ. ಫಾದರು ಕೈಯೆತ್ತಿ ಶಿಲುಬೆ ಗುರುತು ಮಾಡುವಾಗ ನಾನು ನಿಂತಿದ್ದೆನೋ ಕೂತಿದ್ದೆನೋ, ಇವತ್ತಿಗೂ ಹೇಳಲಾರೆ.

ಕಾರು ಫ್ರೀವೇ ಸೇರಿದ ಮೇಲೆ ಕೇಳಿಯೇಬಿಟ್ಟೆ. "ನಾನು ಏಳ್ಬೇಕಿತ್ತೇನಮ್ಮಾ?"

"ನಂಗೂ ಗೊತ್ತಾಗ್ಲಿಲ್ಲ ಕಣೇ" ಎಂದಳು.

ಅಮ್ಮನಿಗೂ ಗೊತ್ತಿಲ್ಲದ್ದು ಇದೆ ಎಂದು ಕೋಪ ಬಂತು, ಹೆದರಿಕೆಯೂ ಆಯಿತು. ಕಾರು ಓಡಿಸುತ್ತಿದ್ದ ನನ್ನ ಗಂಡ ರೇಡಿಯೋ ಆರಿಸಿದರು.

ನಮ್ಮ ಮನೆಯಲ್ಲೊಂದು ಪದ್ಧತಿ. ಹೊಸ ವರ್ಷದ ಪೂಜೆ ಮುಗಿಸಿ ಬಂದ ಕೂಡಲೇ ಮಕ್ಕಳು ಮೊಣಕಾಲೂರಬೇಕು, ಅಮ್ಮ ಹೆಬ್ಬೆರಳಿನಿಂದ ಒಬ್ಬೊಬ್ಬರ ಹಣೆಯ ಮೇಲೂ ಶಿಲುಬೆ ಬರೆಯುತ್ತಾಳೆ. ಎಲ್ಲರಿಗಿಂತ ಚಿಕ್ಕವರಿಂದ ಶುರು. ಹಿರಿಯಳಾದ ನನ್ನ ಸರದಿ ಯಾವಾಗಲೂ ಕೊನೆಗೆ, ಅಲ್ಲಿಯವರೆಗೆ ಮೇಜಿನ ಮೇಲಿನ ಕೇಕು ನೋಡುತ್ತ ಕಾಯುತ್ತಿದ್ದೆ.

ಆ ದಿನ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಮೊಣಕಾಲೂರಿದವಳು ನಾನೊಬ್ಬಳೇ. ಅಮ್ಮನ ಕೈ ನನ್ನ ಹಣೆಯ ಹತ್ತಿರ ಬಂದು ನಿಂತಿತು. ಆಮೇಲೆ ಅವಳು ಸೋಫಾ ಹಿಡಿದು ಕಷ್ಟಪಟ್ಟು ಬಗ್ಗಿ, ಇನ್ನೂ ಇಳಿಯದ ನನ್ನ ಹೊಟ್ಟೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದಳು.

"ಅಲ್ಲಿ ಯಾರಿದಾರಮ್ಮಾ ಈಗ?" ಎಂದೆ.

"ಸುಮ್ನಿರು. ಚಿಕ್ಕೋರು ಮೊದಲು" ಎಂದು ಹೇಳಿ, ಆಮೇಲೆ ನನ್ನ ಹಣೆ ಮುಟ್ಟಿದಳು.