ನಳ್ಳಿ ಎಲುಬಿನ ಪಾಲು

ತಾಟಿನ ಅಂಚಿಗೆ ನಳ್ಳಿ ಎಲುಬನ್ನು ಟಕ್ಕೆಂದು ಒಂದೇ ಸಲ ಬಡಿದರೆ ಸಾಕು, ಒಳಗಿನ ಮಜ್ಜೆ ಪೂರ್ತಿ ಜಾರಿ ಅವರ ಜೋಳದ ರೊಟ್ಟಿಯ ಮೇಲೆ ಬೀಳುತ್ತಿತ್ತು. ಭಂಕೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುತ್ತಿದ್ದ ಕೈ ಅದು. ಎಲ್ಲಿ, ಎಷ್ಟು ಜೋರಾಗಿ ಹೊಡೆಯಬೇಕೆಂದು ಗೊತ್ತಿತ್ತು. ಉಗುರುಸಂದಿಯ ಕಲ್ಲುಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅವರು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಐನಾಪುರದ ಅತ್ತೆಯ ಮನೆಯಲ್ಲಿ ಮಟನ್ ಬೆಂದರೆ ನಳ್ಳಿ ಹಿರಿಯ ಅಳಿಯನಿಗೆ, ಅದು ಆ ಮನೆಯ ಕಟ್ಟಳೆ. ನಾನು ಸೇಡಂನಲ್ಲಿ ಮಾಸ್ತರ, ನಾಲ್ಕು ಜನ ನಮಸ್ಕಾರ ಹೇಳುವವನು. ಆದರೂ ಇಪ್ಪತ್ತು ವರ್ಷ ಆ ಎಲುಬಿನ ಮೇಲೆ ಕಣ್ಣಿಟ್ಟು ಕುಳಿತೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಆ ಸಿಟ್ಟಿಗೆ ಸೇಡಂನ ನನ್ನ ಮನೆಗೆ ಬಂದು ವಾರಕ್ಕೆ ನಾಲ್ಕು ದಿನ ಮಟನ್ ಮಾಡಿಸಿ ತಿನ್ನುತ್ತಿದ್ದೆ.

ಒಂದು ರವಿವಾರ ಅತ್ತೆ ನನಗೆ ಬಡಿಸಲು ಬಂದಾಗ ಷಡ್ಡಕರು ಕೈ ಅಡ್ಡ ಹಿಡಿದರು.

"ಅತ್ತಿ, ಮಾಸ್ತರಿಗಿ ಇವತ್ತ ಮಟನ್ ಹಾಕಬ್ಯಾಡ್ರಿ."

ನನಗೆ ಮೈಯೆಲ್ಲ ಉರಿಯಿತು. "ಯಾಕ? ನನ್ನ ಪಾಲು ಬಿ ನಿಮಗೇ ಬೇಕೇನ್ರಿ?" ಎಂದು ಎಲ್ಲರೆದುರು ಅಂದುಬಿಟ್ಟೆ. ಅವರು ತಮ್ಮ ತಾಟಿನ ನಳ್ಳಿಯನ್ನೂ ಮುಟ್ಟದೆ ಎದ್ದು, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದರು.

"ಪೈಜಾಮಿಗಿ ರಕ್ತ ಹತ್ತ್ಯದ. ಎಷ್ಟ್ ದಿನ ಆಯ್ತು?"

"ಮೂಲವ್ಯಾಧಿ ಅದ, ಬಿಡ್ರಿ."

"ಅದು ಡಾಕ್ಟರ್ ಹೇಳ್ಲಿ. ನಾಳಿ ಕಲಬುರಗಿಗಿ ಹೋಗಮು, ನಾ ಬರ್ತೀನಿ."

ನಾಲ್ಕು ತಿಂಗಳಿಂದ ರಕ್ತ ಹೋಗುತ್ತಿತ್ತು. ಹೆಂಡತಿಗೆ ತಿಳಿದರೆ ಮಟನ್ ಬಂದ್ ಮಾಡುತ್ತಾಳೆಂದು ಮುಚ್ಚಿಟ್ಟಿದ್ದೆ.

ದೊಡ್ಡ ಕರುಳಿನಲ್ಲಿ ಗಡ್ಡೆ, ಕ್ಯಾನ್ಸರ್. ಇನ್ನೂ ಹರಡಿಲ್ಲ, ಆಪರೇಷನ್ ಮಾಡಿ ತೆಗೆಯಬಹುದು ಎಂದರು ಡಾಕ್ಟರು. ಕುರಿಯದಾಗಲಿ ದನದ್ದಾಗಲಿ, ಕೆಂಪು ಮಾಂಸ ಅತಿಯಾದರೆ ಈ ರೋಗದ ಅಪಾಯ ಹೆಚ್ಚುತ್ತದೆ. ನಿಮಗೆ ಅದರಿಂದಲೇ ಬಂತೆಂದು ಹೇಳಲಾಗದು, ಆದರೆ ಇನ್ನು ಮೇಲೆ ಅಪರೂಪಕ್ಕೊಮ್ಮೆ ಒಂದೆರಡು ತುಂಡು ಸಾಕು ಎಂದರು. ನಾನು ಪಕ್ಕದಲ್ಲಿದ್ದ ಷಡ್ಡಕರನ್ನು ತೋರಿಸಿದೆ. "ಇವರೂ ಭಾಳ ತಿಂತಾರ. ಇವರಿಗ್ಯಾಕ ಬಂದಿಲ್ರಿ?"

"ತಿಂದೋರಿಗೆಲ್ಲ ಬರಂಗಿಲ್ರಿ," ಎಂದರು ಡಾಕ್ಟರು.

ಷಡ್ಡಕರು ನಕ್ಕುಬಿಟ್ಟರು. "ಮಾಸ್ತರ್ರೆ, ಇದರಾಗ ಬಿ ನನಗ ಪಾಲು ಹಚ್ಚಾಕತ್ತೀರೇನು?"

ನನ್ನ ಆಪರೇಷನ್ ಆದಾಗ ಅವರು ಕೆಲಸ ಬಿಟ್ಟು ಎಂಟು ದಿನ ವಾರ್ಡಿನ ಬಾಗಿಲಲ್ಲಿ ಕುಳಿತರು. ನರ್ಸುಗಳೆಲ್ಲ ಅವರನ್ನೇ ಮಾತಾಡಿಸುತ್ತಿದ್ದರು. ನನಗೆ ಅದಕ್ಕೂ ಹೊಟ್ಟೆಕಿಚ್ಚು. ಅವರ ಬಟ್ಟೆಗೆ ಕಲೆ ಕಂಡಿದ್ದರೆ ನಾನು ಹಾಗೆ ಕೈ ಅಡ್ಡ ಹಿಡಿಯುತ್ತಿದ್ದೆನೇ? ನಳ್ಳಿ ಇನ್ನು ನನಗೇ ಎಂದು ಸುಮ್ಮನಿರುತ್ತಿದ್ದೆನೇನೋ. ಈ ಮಾತನ್ನು ಅವರಿಗೆ ಹೇಳುವ ಧೈರ್ಯ ಕೊನೆಗೂ ಬರಲಿಲ್ಲ.

ಹೋದ ವರ್ಷ ಎದೆನೋವು ಬಂದು ಅವರು ಒಂದೇ ದಿನದಲ್ಲಿ ಹೋಗಿಬಿಟ್ಟರು. ಎಷ್ಟೋ ತಿಂಗಳ ಮೇಲೆ ಅತ್ತೆ ಮತ್ತೆ ಮಟನ್ ಮಾಡಿದರು. ನಳ್ಳಿ ನನ್ನ ತಾಟಿಗೆ ಬಂತು.

"ತಿನ್ರಿ, ಇನ್ನ ನೀವೇ ಹಿರೇರು."

ಅತ್ತೆ ಹಾಗೆ ಹೇಳುವಾಗಲೂ ಅವರ ಕಣ್ಣು ಷಡ್ಡಕರು ಕೂಡುತ್ತಿದ್ದ ಜಾಗದ ಮೇಲಿತ್ತು. ಸತ್ತವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಎಲುಬನ್ನು ತಾಟಿನ ಅಂಚಿಗೆ ಬಡಿದೆ. ಒಂದು ಸಲ, ಎರಡು ಸಲ, ಹತ್ತು ಸಲ. ಮಜ್ಜೆ ಹೊರಗೆ ಬರಲಿಲ್ಲ.