ಎಲ್ಲ ಪಟ್ಟಿಗಳೂ ಮುಟ್ಟಿದವು

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ರೈತರ ಮಾಲು ಮಾರಿಕೊಡುವ ಒಂದು ಅಡತಿ ಅಂಗಡಿಗೆ ನಾನು ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟದ್ದು ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ. ರೈತರ ಹತ್ತಿ, ಕಡಲೆ ಮಾರಾಟವಾದ ಮೇಲೆ ತೂಕ, ದರ, ಹಣ ಬರೆಯುವ ಪ್ರತಿ ಪಟ್ಟಿಯನ್ನೂ ಅದು ಇಂಟರ್ನೆಟ್ಟಿನಲ್ಲಿ ಬೆಳಗಾವಿಯ ಲೆಕ್ಕಪರಿಶೋಧಕರ ಸರ್ವರಿಗೆ ಕಳಿಸಬೇಕು. ಸರ್ವರು ಒಂದು ಸಂಖ್ಯೆಯಲ್ಲಿ ಉತ್ತರ ಕೊಡುತ್ತದೆ. ಇನ್ನೂರು ಬಂದರೆ ಒಪ್ಪಿಗೆ. ನಾನೂರರ ಸಾಲಿನದು ಬಂದರೆ ತಪ್ಪು ನಮ್ಮದು, ಐನೂರರ ಸಾಲಿನದಾದರೆ ಅವರದು. ತಪ್ಪು ಯಾರದೆಂದು ಇಷ್ಟು ಚೊಕ್ಕಟವಾಗಿ ಹೇಳುವ ಏರ್ಪಾಡನ್ನು ಮನುಷ್ಯರಲ್ಲಿ ನಾನು ಕಂಡಿಲ್ಲ.

ಅಂಗಡಿಯ ಲೆಕ್ಕ ಬರೆಯುತ್ತಿದ್ದ ದಿವಾನಜಿ ಊರಿನ ಹಳೆಯ ಮುಸ್ಲಿಂ ಮನೆತನದವರು. ಅರ್ಧ ಆಯುಷ್ಯ ಅಂಗಡಿಯ ಮಾಲೀಕ ಸಾವ್ಕಾರರ ಗಾದಿಯ ಪಕ್ಕದಲ್ಲೇ ಕೂತು ಖಾತೆ ಪುಸ್ತಕ ಬರೆದವರು. ಕಂಪ್ಯೂಟರು ಬಂದ ದಿನ ಸಾವ್ಕಾರರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಪುಸ್ತಕ ಬರೆಸುವುದನ್ನು ನಿಲ್ಲಿಸಿದರು. ದಿವಾನಜಿ ಎರಡು ಬೆರಳಿನಲ್ಲಿ ಟೈಪು ಮಾಡಲು ಕಲಿತರು.

ಮೊದಲ ವಾರವೇ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ‘ಸ್ವೀಕಾರವಾಗಿಲ್ಲ.’ ಆ ಅಂಗಡಿಯಲ್ಲಿ ಗಾದಿಗೆ ಊದುಬತ್ತಿ ಬೆಳಗಿದ ಮೇಲೆ ‘ಇಲ್ಲ’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ.

“ಬೋಣಿ ಹೊತ್ತಿನ್ಯಾಗ ಇಲ್ಲ ಅಂತೈತಲ್ರಿ ನಿಮ್ಮ ಡಬ್ಬಿ!” ಎಂದರು ಸಾವ್ಕಾರರು.

“ಖರೇ ಹೇಳತೈತ್ರಿ, ಸಾವ್ಕಾರ್ರ,” ಎಂದೆ ನಾನು.

“ಖರೇ ಹೇಳಾಕ ಇದೇನ್ ಕೋರ್ಟ್ ಏನ್ರಿ? ಹಸರ ಅಕ್ಷರ ಬರೂವಂಗ ಮಾಡ್ರಿ.”

ದಿವಾನಜಿ ಕನ್ನಡಕದ ಮೇಲಿಂದ ನೋಡಿದರು. “ಕಲಿಸ್ರಿ ಸರ, ಕಲೀತೈತಿ. ನಾವೆಲ್ಲಾ ಕಲತಿಲ್ಲೇನು?”

ಅರ್ಧ ಗಂಟೆಯಲ್ಲಿ ಕಲಿಸಿದೆ. ಯಾವ ಉತ್ತರ ಬಂದರೂ ಹಸಿರಿನಲ್ಲಿ ‘ಮುಟ್ಟಿತು’ ಎಂದು ತೋರಿಸುವುದು. ಸರ್ವರು ತಿರಸ್ಕರಿಸಿದ ಪಟ್ಟಿಗಳು ಪರದೆಯಿಂದ ಮಾಯವಾಗಿ, ನನಗೊಬ್ಬನಿಗೇ ಗೊತ್ತಿದ್ದ ಒಂದು ಫೈಲಿಗೆ ಸೇರುವುದು. ಪ್ರತಿ ಶನಿವಾರ ಅದನ್ನು ತೆರೆದು ನೋಡುವುದೆಂದು ಘನವಾದ ಸಂಕಲ್ಪ ಮಾಡಿದೆ. ಎರಡು ಶನಿವಾರ ನೋಡಿದೆ. ಆಮೇಲೆ ಸವದತ್ತಿ, ರಾಮದುರ್ಗಗಳಲ್ಲಿ ಬೇರೆ ಕೆಲಸ ಸಿಕ್ಕಿತು.

ಆ ಸರ್ವರಿಗೆ ಪಟ್ಟಿ ಕಳಿಸುವ ಪರವಾನಗಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಅದು ನನ್ನ ಕೆಲಸ, ಮರೆತೆ. ಅವಧಿ ಮುಗಿದಂದಿನಿಂದ ಸರ್ವರು ಪ್ರತಿ ಪಟ್ಟಿಗೂ ‘ನೀವು ಯಾರೋ ಗೊತ್ತಿಲ್ಲ’ ಎಂದು ನಾನೂರಾ ಒಂದರ ಉತ್ತರ ಕೊಟ್ಟಿತು. ಪ್ರೋಗ್ರಾಮು ಮೂರು ವಾರ ‘ಮುಟ್ಟಿತು’ ಎಂದಿತು.

ಪರಿಶೋಧಕರ ಕಡೆಯವರು ಬಂದು, ಮೂರು ವಾರದ ಒಂದು ಪಟ್ಟಿಯೂ ನಮ್ಮಲ್ಲಿಲ್ಲ ಎಂದರು. ಸಾವ್ಕಾರರ ತರ್ಕ ಸರಳವಾಗಿತ್ತು. ಹಸಿರು ಅಕ್ಷರವನ್ನು ಅವರೇ ದಿನಾ ಕಣ್ಣಾರೆ ಕಂಡಿದ್ದರು. ಆದ್ದರಿಂದ ಡಬ್ಬಿ ಸುಳ್ಳಾಡಿಲ್ಲ. ಆದ್ದರಿಂದ ಪಟ್ಟಿ ಅಳಿಸಿದ್ದು ಬರೆಯುವ ಕೈಯೇ. “ಬರದೇನ್ರಿ, ಒಂದೊಂದೂ ಬರದೇನಿ” ಎಂದು ದಿವಾನಜಿ ಯಾರ್ಡಿನ ಮಂದಿಯೆದುರು ಹೇಳಿದರಂತೆ. ತೋರಿಸಲು ಪುಸ್ತಕವಿರಲಿಲ್ಲ. ಮರುದಿನ ನಾನು ರಾಮದುರ್ಗದಿಂದ ಬರುವಷ್ಟರಲ್ಲಿ ಗಾದಿಯ ಪಕ್ಕದ ಜಾಗ ಖಾಲಿಯಾಗಿತ್ತು.

ಫೈಲು ತೆರೆದೆ. ಎಲ್ಲವೂ ಇದ್ದವು, ಕಿಲೋ ಲೆಕ್ಕದಲ್ಲೂ ತಪ್ಪಿಲ್ಲದೆ. ಪರವಾನಗಿ ನವೀಕರಿಸಿ ಮತ್ತೆ ಕಳಿಸಿದೆ. ಊಟದ ಹೊತ್ತಿಗೆ ಎಲ್ಲಕ್ಕೂ ಇನ್ನೂರು ಬಂತು. ಸಾವ್ಕಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಆತು ಬಿಡ್ರಿ,” ಎಂದರು. “ಯಾರ್ಡಿಗೆಲ್ಲಾ ಸುದ್ದಿ ಆಗೇತಿ. ಈಗ ತಿರಗಿ ಕರದ್ರ ನಾ ಸಣ್ಣಾಂವ ಆಗತೇನಿ.”

ತಪ್ಪು ನನ್ನದೆಂದು ನಾನೇ ಯಾರ್ಡಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೂ ನಾಲ್ಕು ಅಂಗಡಿಯವರು ನನ್ನ ಪ್ರೋಗ್ರಾಮು ಕೇಳುತ್ತಿದ್ದರು.

ಆರು ತಿಂಗಳ ಮೇಲೆ ಬೆಳಗಾವಿಯ ಬಸ್ಸಿನಲ್ಲಿ ದಿವಾನಜಿ ಸಿಕ್ಕರು. ನೇಸರಗಿಯಲ್ಲಿ ಒಂದು ಗೊಬ್ಬರದ ಅಂಗಡಿಗೆ ಲೆಕ್ಕ ಬರೆಯಲು ಹೋಗುತ್ತಿದ್ದರಂತೆ. ಕಿಟಕಿಯ ಕಡೆ ಸರಿದು, “ಕುಂಡ್ರಿ ಸರ” ಎಂದು ಜಾಗ ಕೊಟ್ಟರು. ಕಂಡಕ್ಟರು ಟಿಕೆಟು ಕೊಟ್ಟುಹೋದ ಮೇಲೆ ಕೇಳಿದರು:

“ಆ ಪಟ್ಟಿ ಸಿಕ್ಕವೇನ್ರಿ?”

“ಸಿಕ್ಕವ್ರಿ. ಎಲ್ಲಾ ಸಿಕ್ಕವು.”

“ಯಾವಾಗ?”

“ಮರದಿನಾನ.”

“ಸಾವ್ಕಾರ್ರಿಗೆ ಗೊತ್ತೈತಿ?”

“ಗೊತ್ತೈತ್ರಿ.”

“ನಿಮಗೂ ಅವತ್ತ ಗೊತ್ತಿತ್ತು.”

ಕೈಯಲ್ಲಿದ್ದ ಟಿಕೆಟನ್ನು ಮಡಚುತ್ತ ಕೂತೆ. ನೇಸರಗಿ ಬಂತು. ಅವರು ಚೀಲ ಎತ್ತಿಕೊಂಡು ಎದ್ದರು.

“ಸ್ವಲ್ಪ ಕಾಲು ತಗೀರಿ,” ಎಂದು ನನ್ನನ್ನು ದಾಟಿ ಇಳಿದುಹೋದರು.