ತಟ್ಟೆಯ ಕೊನೆಯ ತುಂಡು

ಆ ಚರ್ಚಿನ ನೆಲಮಾಳಿಗೆಯಲ್ಲಿ ತಟ್ಟೆಯ ಸಿಹಿತಿಂಡಿಯ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬರು ಬಂದು ಅದನ್ನು ಅರ್ಧ ಮಾಡಿ ಅರ್ಧ ಎತ್ತಿಕೊಳ್ಳುವರು. ಇನ್ನೊಬ್ಬರು ಉಳಿದದ್ದನ್ನು ಮತ್ತೆ ಅರ್ಧ ಮಾಡುವರು. ಕೊನೆಗೆ ಹೆಸರಿಗೊಂದು ಚೂರು ಉಳಿಯುವುದು. ಆಸೆಬುರುಕ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಪಾಪ ಅಮೆರಿಕದ ಮಿನೆಸೋಟಾದ ಆ ಬಯಲುಸೀಮೆಯ ಲೂಥರನ್ ಕ್ರೈಸ್ತರಿಗೆ ಗೊತ್ತಿರಲಿಲ್ಲ. ಆ ಚೂರುಗಳನ್ನು ಒಯ್ದು ಗುಬ್ಬಚ್ಚಿಗಳಿಗೆ ಹಾಕುತ್ತಿದ್ದವಳು ಲವಾನ್ ಟ್ವೇಟ್.

ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಚರ್ಚಿನ ಅಡುಗೆಮನೆಯಲ್ಲಿ ತಂದು ನಿಲ್ಲಿಸಿದ್ದಳು. ಕಾಫಿಪುಡಿಗೆ ಹಸಿಮೊಟ್ಟೆ ಕಲಸಿ ಕುದಿಯುವ ನೀರಿಗೆ ಹಾಕಬೇಕು, ಮೇಲೊಂದು ಲೋಟ ತಣ್ಣೀರು ಹೊಯ್ಯಬೇಕು. ಆಗ ಗಸಿಯೆಲ್ಲ ಮುದ್ದೆಯಾಗಿ ತಳಕ್ಕಿಳಿದು ಜೇನುಬಣ್ಣದ ಕಾಫಿ ತಿಳಿಯಾಗಿ ನಿಲ್ಲುತ್ತದೆ. ಅದನ್ನು ಕಲಿತ ಸೊಸೆ ಕ್ರಮೇಣ ಆ ಅಡುಗೆಮನೆಯ ಯಜಮಾನಿಯೇ ಆದಳು. ಊರಲ್ಲಿ ಯಾರು ಸತ್ತರೂ, ಮಣ್ಣು ಮಾಡಿ ಬಂದವರಿಗೆ ಲವಾನಳ ಕಾಫಿ, ಬೆಣ್ಣೆ ಸವರಿದ ಬನ್ನಿನೊಳಗೆ ಹಂದಿಮಾಂಸದ ಹ್ಯಾಮು, ರುಬಾರ್ಬ್ ಎಂಬ ಹುಳಿದಂಟಿನಿಂದ ಮಾಡಿ ಚೌಕವಾಗಿ ಕತ್ತರಿಸಿದ ಸಿಹಿ. ಮೇಲೆ ದೇವರ ಮುಂದೆ ಜನ ಹೇಗಿರುತ್ತಾರೆಂದು ಅವಳು ಅಷ್ಟಾಗಿ ನೋಡಿರಲಿಲ್ಲ. ಕೆಳಗೆ ತಟ್ಟೆಯ ಮುಂದೆ ಹೇಗಿರುತ್ತಾರೆಂದು ನೋಡಿದ್ದಳು.

ಅವಳ ಗಂಡ ಹಾರ್ಲನ್ ಹಾಸಿಗೆ ಹಿಡಿದಾಗ ದಿನವೂ ಬಂದು ಕೂರುತ್ತಿದ್ದವರು ಪಾಸ್ಟರ್ ನೀಲ್. ಹಾರ್ಲನ್‌ಗೆ ಬೈಬಲ್ಲಿಗಿಂತ ಬೇಸ್‌ಬಾಲ್ ಇಷ್ಟವೆಂದು ತಿಳಿದು, ಹಿಂದಿನ ದಿನದ ಪಂದ್ಯದ ವರದಿಯನ್ನು ಕೀರ್ತನೆಯಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು. ತನ್ನನ್ನೂ ಇವರೇ ಮಣ್ಣು ಮಾಡಲಿ ಎಂದು ಲವಾನ್ ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಳು.

2009ರ ಬೇಸಿಗೆಯಲ್ಲಿ ನಗರದಲ್ಲಿ ಸೇರಿದ ಲೂಥರನ್ ಚರ್ಚುಗಳ ಮಹಾಸಭೆ, ಗಂಡು ಗಂಡಿನೊಡನೆ, ಹೆಣ್ಣು ಹೆಣ್ಣಿನೊಡನೆ ನಿಷ್ಠೆಯಿಂದ ಬಾಳುವವರೂ ಪಾಸ್ಟರಾಗಿರಬಹುದು ಎಂದು ತೀರ್ಮಾನಿಸಿತು. ಮುಂದೊಂದು ಭಾನುವಾರ ಪಾಸ್ಟರ್ ನೀಲ್ ಎಲ್ಲರ ಮುಂದೆ ನಿಂತು, ಪಕ್ಕದೂರಿನ ರಸೆಲ್ ತನ್ನ ಬಾಳಸಂಗಾತಿ ಎಂದರು. ಊರಿನವರಿಗೆ ರಸೆಲ್ ಹೊಸಬನಲ್ಲ. ವರ್ಷವರ್ಷವೂ ಬಂದು ಚರ್ಚಿನ ಪಿಯಾನೋಗೆ ಶ್ರುತಿ ಕೂಡಿಸಿ ಹೋಗುತ್ತಿದ್ದವನು. ಸಭೆ ಎದ್ದು ಕೊನೆಯ ಹಾಡು ಹಾಡಿತು. ಕೆಳಗಿಳಿದು ಕಾಫಿ ಕುಡಿಯಿತು, ಜೋಳದ ಬೆಳೆಯ ಬಗ್ಗೆ ಮಾತಾಡಿತು. ಆಡಬೇಕಾದ್ದನ್ನೆಲ್ಲ ಆಮೇಲೆ ಗಾಡಿಗಳ ಕಿಟಕಿ ಇಳಿಸಿಕೊಂಡು, ಅವರಿಲ್ಲದ ಕಡೆ ಆಡಿತು.

ಮಹಾಸಭೆಯಿಂದ ಊರಿನ ಚರ್ಚು ಹೊರಬರಬೇಕೆಂದು ಹೊರಟವನು ಆಡಳಿತ ಮಂಡಳಿಯ ಅಧ್ಯಕ್ಷ ಮಿಲ್ಟನ್ ಹಾಲ್ವರ್ಸನ್. ಅದಕ್ಕೆ ತಿಂಗಳುಗಳ ಅಂತರದಲ್ಲಿ ಎರಡು ಸಲ ಮತ ಹಾಕಬೇಕು. ಎರಡೂ ಸಲ ಗೆದ್ದರೆ ಪಾಸ್ಟರ್ ನೀಲ್ ಪೀಠವನ್ನೂ ಚರ್ಚು ಕೊಟ್ಟ ಮನೆಯನ್ನೂ ಬಿಡಬೇಕು. ಮೊದಲ ಸಲ ಮಿಲ್ಟನ್ನನ ಕಡೆಯವರು ಗೆದ್ದರು.

ಎರಡನೆಯದಕ್ಕೆ ಮೊದಲು ಮಿಲ್ಟನ್ನನ ತಾಯಿ ತೀರಿಕೊಂಡಳು. ಕೊನೆಗಾಲದಲ್ಲಿ ಅವಳ ಕೈಹಿಡಿದು ಕೂತವರು, ಮಣ್ಣು ಮಾಡಿದವರು ನೀಲ್. ನೆಲಮಾಳಿಗೆಯಲ್ಲಿ ಎಲ್ಲರೂ ನೋಡುತ್ತಿದ್ದಂತೆ ಮಿಲ್ಟನ್ ಪಾಸ್ಟರರ ಹೆಗಲಿಗೆ ಒರಗಿ ಅತ್ತ. ಕಪ್ಪು ಅಂಗಿಯ ಮೇಲೆ ಒದ್ದೆ ಕಲೆ ಉಳಿಯಿತು. ಲವಾನ್ ಅದನ್ನು ನೋಡಿ, ಇನ್ನು ಇವನು ಮುಂದುವರಿಯಲಾರ ಎಂದುಕೊಂಡಳು. ಅವನನ್ನು ಮನುಷ್ಯನೆಂದು ಎಣಿಸಿದ್ದು ಅವಳ ತಪ್ಪು.

ಮರುವಾರ ಅವನು ಖಾಲಿ ಲೋಟ ಹಿಡಿದು ಅಡುಗೆಮನೆಗೆ ಬಂದು ಬಿಸಿ ಕಾಫಿ ತುಂಬಿಸಿಕೊಂಡ.

"ಮುಂದಿನ ಭಾನುವಾರ ಕಾಫಿ ಜಾಸ್ತಿ ಮಾಡು, ಲವಾನ್. ಮತ ಎಣಿಸೋದು ಹೊತ್ತಾಗತ್ತೆ."

"ಅಂದ್ರೆ ಇನ್ನೂ ಬಿಟ್ಟಿಲ್ಲ ನೀನು."

"ಅವರ ಮೇಲೆ ನಂಗೇನೂ ಇಲ್ಲಪ್ಪ. ಒಳ್ಳೇ ಮನುಷ್ಯ. ಇದು ಬೈಬಲ್ ವಿಷಯ, ಅಷ್ಟೆ."

"ನಿಮ್ಮಮ್ಮನ ಗುಂಡಿ ಹತ್ರ ಆ ಬೈಬಲ್ ಅವರ ಕೈಯಲ್ಲೇ ಇತ್ತಲ್ಲ."

ಮಿಲ್ಟನ್ ಲೋಟದೊಳಗೆ ಉಫ್ ಎಂದು ಊದಿದ. "ನೀನು ಮನಸ್ಸಿಗೆ ಹಚ್ಕೋಬೇಡ. ಕಾಫಿ ಮಾತ್ರ ಚೆನ್ನಾಗಿದೆ," ಅಂದ.

ಮತದಾನದ ದಿನ ಲವಾನ್ ಎದ್ದು ನಿಂತು, ಹಾರ್ಲನ್ ಪಕ್ಕದಲ್ಲಿ ತನ್ನನ್ನು ಮಲಗಿಸುವಾಗ ಪಾಸ್ಟರ್ ನೀಲ್ ಇರಬೇಕೆಂದು ತನ್ನ ಆಸೆ ಎಂದಷ್ಟೇ ಹೇಳಿ ಕೂತಳು. ಎಲ್ಲರೂ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. ಪಕ್ಕದವಳು ಮೊಣಕೈ ಸವರಿದಳು. ಆಮೇಲೆ ಚೀಟಿಗಳನ್ನು ಚಿಕ್ಕದಾಗಿ ಮಡಿಚಿ ಬುಟ್ಟಿಗೆ ಹಾಕಿ, ಪಾಸ್ಟರರನ್ನು ಹೊರಹಾಕಿದರು.

ಹೊರಹಾಕಿದ ಮೇಲೆ ಬೀಳ್ಕೊಡದೆ ಇರುವುದುಂಟೆ? ಅವರ ಪೈಕಿ ಅದು ನಡೆದುಬಂದದ್ದು. ಮಿಲ್ಟನ್ನನೇ ಬಂದು ಕಾಫಿಗೆ ಹೇಳಿದ. ಕೇಕಿನ ಮೇಲೆ 'ದೇವರು ನಿಮ್ಮನ್ನು ನಡೆಸಲಿ' ಎಂದು ಬರೆಸೋಣವೆಂದ. ಅದರಲ್ಲಿ ವಿಚಿತ್ರವೇನೂ ಅವನಿಗೆ ಕಾಣಲಿಲ್ಲ. ಲವಾನ್ ಕೇಕು ಒಲ್ಲೆನೆಂದಳು, ರುಬಾರ್ಬಿನ ಸಿಹಿ ಮಾಡಿದಳು. ಅವಳ ಕಾಫಿಗಾಗಿ ಬರುತ್ತೇನೆಂದು ನೀಲ್ ಹೇಳಿದ್ದರು.

ಅವರು ರಸೆಲ್‌ನನ್ನು ಕರೆತಂದರು. ಜನ ಸಾಲಾಗಿ ಬಂದು ಪಾಸ್ಟರರ ಕೈ ಕುಲುಕಿ, ತುಂಬ ನೆನೆಯುತ್ತೇವೆ ಎಂದರು. ಕೆಲವರ ಕಣ್ಣು ನಿಜಕ್ಕೂ ಒದ್ದೆಯಾದವು. ಕಣ್ಣು ಒದ್ದೆ ಮಾಡಿಕೊಳ್ಳುವುದರಲ್ಲಿ ಅವರು ಯಾವತ್ತೂ ಜಿಪುಣರಲ್ಲ. ರಸೆಲ್ ಹತ್ತಿರ ಏನು ಮಾತಾಡುವುದೆಂದು ತಿಳಿಯದೆ, ಚಳಿಗೆ ಪಿಯಾನೋ ಕೆಡುತ್ತದಾ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಅವನ ಕೈಯಲ್ಲಿ ಬರೀ ತಟ್ಟೆ ಇತ್ತು. ತಿನ್ನಿ ಎಂದು ಯಾರೂ ಹೇಳಿರಲಿಲ್ಲ.

ಟ್ರೇಯಲ್ಲಿ ಒಂದೇ ತುಂಡು ಉಳಿದಿತ್ತು. ಮಿಲ್ಟನ್ ಚಾಕು ಎತ್ತಿಕೊಂಡು ಅದನ್ನು ಅರ್ಧ ಮಾಡಲು ಬಗ್ಗಿದ.

"ಚಾಕು ಕೆಳಗಿಡು," ಅಂದಳು ಲವಾನ್. "ಇವರ ಪೀಠ ತಗೊಂಡ್ರಿ, ಮನೆ ತಗೊಂಡ್ರಿ. ಆವಾಗ ಯಾರೂ ಅರ್ಧ ಮಾಡ್ಲಿಲ್ಲ."

ಅವಳು ಆ ತುಂಡನ್ನು ಇಡಿಯಾಗಿ ಎತ್ತಿ ರಸೆಲ್‌ನ ತಟ್ಟೆಗೆ ಹಾಕಿದಳು. ಏಪ್ರನ್ ಬಿಚ್ಚಿ ಮಡಿಚಿ ಟ್ರೇಯ ಪಕ್ಕದಲ್ಲಿಟ್ಟಳು. ಕೋಟು ಹಾಕಿಕೊಂಡು ಇಬ್ಬರ ಜೊತೆ ಮೆಟ್ಟಿಲು ಹತ್ತಿ ಹೊರಟಳು.

ಹೊರಗೆ ಹಿಮ ಕರಗುತ್ತಿತ್ತು. ರಸೆಲ್ ಕಾರಿಗೆ ಒರಗಿ ತಿನ್ನತೊಡಗಿದ.

"ನನ್ನ ಮಣ್ಣಿಗೆ ಬರ್ತೀರಾ, ಪಾಸ್ಟರ್?"

"ಇವರು ಬಾಗಿಲು ಹಾಕ್ಕೊಂಡ್ರೂ ಗುಂಡಿ ಹತ್ರ ಬಂದು ನಿಂತಿರ್ತೀನಿ," ಅಂದರು ನೀಲ್.

"ಆವತ್ತು ಕಾಫಿ ಯಾರು ಮಾಡ್ತಾರೆ?" ರಸೆಲ್ ಬಾಯಿತುಂಬ ಸಿಹಿ ಇಟ್ಟುಕೊಂಡೇ ಕೇಳಿದ.

ಲವಾನ್ ನೆಲಮಾಳಿಗೆಯ ತಗ್ಗಿನ ಕಿಟಕಿಯತ್ತ ನೋಡಿದಳು. ಒಳಗೆ ತೊಳೆಯದ ಲೋಟಗಳ ಸುತ್ತ ಕೋಟು ತೊಟ್ಟ ಜನ ಸುಮ್ಮನೆ ನಿಂತಿದ್ದರು.

"ಬಿಸಿನೀರು ಕುಡೀಲಿ," ಅಂದಳು.